ಗಲ್ಫ್‌ನ ಹವಳದೊಳಗಿನ ಪಾಚಿ: ಅಲ್ಲೇ ಹುಟ್ಟಿದ್ದೋ, ಮೊದಲೇ ಇದ್ದದ್ದೋ?

ಅಬುಧಾಬಿಯ ಕರಾವಳಿಯಲ್ಲಿ ಬೇಸಿಗೆಯ ತುದಿಗೆ ಸಮುದ್ರದ ನೀರು 35 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಬೇರೆ ಕಡೆಯ ಹವಳಗಳಿಗೆ ಇಷ್ಟು ಬಿಸಿ ಎಂದರೆ ಸಾವೇ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಇದಕ್ಕಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ಇದ್ದಾಗಲೇ ಹವಳಗಳು ಬಿಳಿಚಿಕೊಂಡು ಸತ್ತಿವೆ. ಆದರೆ ಪರ್ಷಿಯನ್ ಕೊಲ್ಲಿಯ ದಕ್ಷಿಣ ದಡದಲ್ಲಿ ಹವಳಗಳು ಈ ಬಿಸಿಯನ್ನು ಪ್ರತಿ ವರ್ಷ ದಾಟುತ್ತವೆ. ಮಂಗಳೂರು, ಉಡುಪಿ, ಭಟ್ಕಳದಿಂದ ಸಾವಿರಾರು ಜನ ದುಡಿಯಲು ಹೋಗಿರುವ ಊರುಗಳ ಎದುರಿಗೇ, ಕಾರ್ನಿಶ್ ರಸ್ತೆಯ ಆಚೆಯ ನೀರಿನಲ್ಲೇ ಇದು ನಡೆಯುತ್ತಿದೆ. ಅಲ್ಲಿರುವ ಅನೇಕ ಹವಳಗಳು ವಿಶೇಷ ಜಾತಿಯವೂ ಅಲ್ಲ. ಅದೇ ಜಾತಿಗಳು ಹಿಂದೂ ಮಹಾಸಾಗರದಲ್ಲೂ ಇವೆ, ಅಲ್ಲಿ ಇಷ್ಟು ಬಿಸಿ ತಡೆಯುವುದಿಲ್ಲ.

ಇನ್ನೂ ವಿಚಿತ್ರವೆಂದರೆ ಕೊಲ್ಲಿಯ ವಯಸ್ಸು. ಇದರ ಸರಾಸರಿ ಆಳ ಸುಮಾರು 35 ಮೀಟರ್, ಅಷ್ಟೇ. ಕಳೆದ ಹಿಮಯುಗದ ತೀವ್ರ ಹಂತದಲ್ಲಿ, ಸುಮಾರು 20,000 ವರ್ಷಗಳ ಹಿಂದೆ, ಜಗತ್ತಿನ ಸಮುದ್ರಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಇಲ್ಲಿ ಕೊಲ್ಲಿಯೇ ಇರಲಿಲ್ಲ, ಒಣ ನೆಲವಿತ್ತು. ಹಿಮ ಕರಗಿದಂತೆ ಹೊರ್ಮುಜ್ ಜಲಸಂಧಿಯ ಕಡೆಯಿಂದ ನೀರು ಒಳಗೆ ಬಂತು. ಈಗಿನ ದಡದವರೆಗೆ ಬಂದು ನಿಂತದ್ದು ಸುಮಾರು 6,000 ವರ್ಷಗಳ ಹಿಂದೆ. ಅಂದರೆ ಇಲ್ಲಿನ ಹವಳಗಳಿಗೆ ಈ ಉರಿಗೆ ಹೊಂದಿಕೊಳ್ಳಲು ಸಿಕ್ಕ ಸಮಯ 6,000 ವರ್ಷಕ್ಕಿಂತ ಕಡಿಮೆ. ಒಂದು ದೊಡ್ಡ ಪೊರೈಟಿಸ್ ಹವಳದ ಗುಡ್ಡೆ ಒಂದೇ ನೂರಾರು ವರ್ಷ ಬದುಕುತ್ತದೆ. ಆ ಲೆಕ್ಕದಲ್ಲಿ ಇದು ತೀರಾ ಕಡಿಮೆ ಸಮಯ.

ಹಾಗಾದರೆ ಇಷ್ಟು ಬೇಗ ಹೇಗೆ ಹೊಂದಿಕೊಂಡವು? ಈ ಪ್ರಶ್ನೆಗೆ ಉತ್ತರ ಹುಡುಕಿದ ಕೆಲಸವೇ ಈ ಪ್ರಕರಣ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಮತ್ತು ಅಬುಧಾಬಿಯ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ 2013ರಿಂದ 2016ರ ನಡುವೆ ಇದರ ಮುಖ್ಯ ಭಾಗವನ್ನು ಪ್ರಕಟಿಸಿದರು. ಬೆಂಜಮಿನ್ ಹ್ಯೂಮ್, ಸಿಸಿಲಿಯಾ ಡಿ'ಆಂಜೆಲೊ, ಯೋರ್ಗ್ ವೀಡೆನ್‌ಮನ್, ಜಾನ್ ಬರ್ಟ್ ಈ ಗುಂಪಿನ ಮುಖ್ಯ ಹೆಸರುಗಳು. ಅವರ ತೀರ್ಮಾನದ ಒಂದು ಅರ್ಧ ನನಗೆ ಬಹಳ ಗಟ್ಟಿ ಅನ್ನಿಸುತ್ತದೆ, ಇನ್ನೊಂದು ಅರ್ಧ ಅಷ್ಟು ಗಟ್ಟಿ ಅನ್ನಿಸುವುದಿಲ್ಲ. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಹವಳದೊಳಗಿನ ಬಾಡಿಗೆದಾರ

ಹವಳ ಒಂದು ಪ್ರಾಣಿ. ಅದರ ಜೀವಕೋಶಗಳ ಒಳಗೆ ಒಂದೇ ಕೋಶದ ಕಂದು ಬಣ್ಣದ ಪಾಚಿ ಇರುತ್ತದೆ. ಪಾಚಿ ಬಿಸಿಲಿನಿಂದ ಸಕ್ಕರೆ ಮಾಡಿ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಇರಲು ಜಾಗ, ಸಾರಜನಕದಂಥ ಪೋಷಕಾಂಶ ಕೊಡುತ್ತದೆ. ನೀರು ಬಿಸಿಯಾದಾಗ ಪಾಚಿಯ ಬೆಳಕು ಹಿಡಿಯುವ ವ್ಯವಸ್ಥೆ ಕೆಡುತ್ತದೆ, ಹಾನಿ ಮಾಡುವ ಆಮ್ಲಜನಕದ ರೂಪಗಳು ಹುಟ್ಟುತ್ತವೆ, ಇಬ್ಬರ ಒಪ್ಪಂದ ಮುರಿಯುತ್ತದೆ. ಪಾಚಿ ಹೊರಹೋದ ಹವಳದ ಮೈ ಪಾರದರ್ಶಕ. ಒಳಗಿನ ಸುಣ್ಣದ ಬಿಳುಪು ಹಾಗೇ ಕಾಣುತ್ತದೆ. ಬಿಳಿಚಿಕೊಂಡ ಹವಳ ಆಗಲೇ ಸತ್ತಿರುವುದಿಲ್ಲ, ಆದರೆ ಹಸಿದಿರುತ್ತದೆ. ವಾರಗಟ್ಟಲೆ ಹಾಗೇ ಉಳಿದರೆ ಸಾಯುತ್ತದೆ.

ಈ ಪಾಚಿಗಳು ಡೈನೋಫ್ಲಾಜೆಲೇಟ್ ಎಂಬ ಗುಂಪಿಗೆ ಸೇರಿದವು. 1962ರಲ್ಲಿ ಹ್ಯೂಗೋ ಫ್ರಾಯ್ಡೆಂತಾಲ್ ಒಂದು ತಲೆಕೆಳಗಾಗಿ ಕೂರುವ ಜೆಲ್ಲಿಮೀನಿನಿಂದ ಇದನ್ನು ತೆಗೆದು ಸಿಂಬಯೋಡಿನಿಯಂ ಎಂದು ಹೆಸರಿಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಒಂದೇ ಥರದ ಕಂದು ಗುಂಡುಗಳು. ಹಾಗಾಗಿ ಬಹಳ ಕಾಲ ಜಗತ್ತಿನ ಹವಳಗಳಲ್ಲೆಲ್ಲ ಒಂದೇ ಜಾತಿ ಎಂದು ನಂಬಿದ್ದರು. ಡಿಎನ್‌ಎ ಓದಲು ಶುರು ಮಾಡಿದ ಮೇಲೆ ಆ ನಂಬಿಕೆ ಕುಸಿಯಿತು. ಮೊದಲು ಎ, ಬಿ, ಸಿ, ಡಿ ಎಂದು ಕ್ಲೇಡ್‌ಗಳಾಗಿ, ಅಂದರೆ ಒಂದೇ ಮೂಲದಿಂದ ಬಂದ ಕವಲುಗಳಾಗಿ, ವಿಂಗಡಿಸಿದರು. 2018ರಲ್ಲಿ ಟಾಡ್ ಲಾಜ್ಯೂನೆಸ್ ಮತ್ತು ಸಂಗಡಿಗರು ಇವನ್ನು ಬೇರೆ ಬೇರೆ ಕುಲಗಳೆಂದೇ ಘೋಷಿಸಿದರು. ಸಿ ಕ್ಲೇಡ್ ಕ್ಲೇಡೋಕೋಪಿಯಂ ಆಯಿತು, ಡಿ ಕ್ಲೇಡ್ ಡ್ಯುರುಸ್ಡಿನಿಯಂ ಆಯಿತು. ಇಡೀ ಕುಟುಂಬ ಹುಟ್ಟಿದ್ದು ಸುಮಾರು 16 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕಾಲದಲ್ಲಿ, ಎಂದು ಅವರು ಲೆಕ್ಕ ಹಾಕಿದರು. ಅದಕ್ಕೆ ಮುಂಚೆ ಇದಕ್ಕಿಂತ ತುಂಬಾ ಚಿಕ್ಕ ವಯಸ್ಸು ಹೇಳುತ್ತಿದ್ದರು.

ಡಿ ಕ್ಲೇಡಿನ ಪಾಚಿಗಳು ಬಿಸಿ ತಡೆಯುವುದಕ್ಕೆ ಹೆಸರಾದವು. ಬಿಸಿಯ ನಂತರ ಉಳಿದ ಹವಳಗಳಲ್ಲಿ ಇವು ಜಾಸ್ತಿ ಕಾಣುತ್ತವೆ. ಹಾಗಾಗಿ ಗಲ್ಫ್‌ನಂಥ ಜಾಗದಲ್ಲಿ ಡಿ ಇರಬೇಕು ಎಂದು ಯಾರಾದರೂ ಊಹಿಸುತ್ತಾರೆ, ಅಲ್ವಾ? ಸೌತಾಂಪ್ಟನ್ ಗುಂಪು ಅಬುಧಾಬಿಯ ಹವಳಗಳನ್ನು ಪರೀಕ್ಷಿಸಿ 2013ರಲ್ಲಿ ಬರೆದ ವರದಿಯಲ್ಲಿ ಹೆಚ್ಚಾಗಿ ಸಿಕ್ಕಿದ್ದು ಸಿ3, ಅಂದರೆ ಸಿ ಕ್ಲೇಡಿನ ಒಂದು ಬಗೆ. ಇದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಲ್ಲಿ ತೀರಾ ಸಾಮಾನ್ಯ ಮಾದರಿ. ಬಿಸಿಗೆ ಬಗ್ಗುವುದಕ್ಕೇ ಹೆಸರಾದದ್ದು.

ಒಂದೇ ಕೋಶದಲ್ಲಿ ನೂರಾರು ಪ್ರತಿ

ಈ ಗೊಂದಲಕ್ಕೆ ಕಾರಣ ಪಾಚಿಯಲ್ಲ, ಅಳತೆಗೋಲು. ನನ್ನ ಮಟ್ಟಿಗೆ ಪ್ರಕರಣದ ತಿರುಳು ಇಲ್ಲೇ ಇದೆ. ಇದನ್ನು ಅರ್ಥ ಮಾಡಿಕೊಳ್ಳದಿದ್ದರೆ ಮುಂದಿನ ಕಥೆಯೆಲ್ಲ ಪವಾಡದಂತೆ ಕೇಳುತ್ತದೆ.

ಹವಳದ ಪಾಚಿಗಳನ್ನು ಗುರುತಿಸಲು ಎಲ್ಲರೂ ಬಳಸುವುದು ಐಟಿಎಸ್2 ಎಂಬ ಡಿಎನ್‌ಎ ತುಂಡು. ರೈಬೋಸೋಮ್ ತಯಾರಿಸುವ ಜೀನ್‌ಗಳ ನಡುವೆ ಇದು ಇರುತ್ತದೆ. ಇದನ್ನು ನಕಲು ಮಾಡಿ ಓದುವುದು ಸುಲಭ, ಯಾಕೆಂದರೆ ಒಂದೇ ಕೋಶದಲ್ಲಿ ಇದರ ನೂರಾರು ಪ್ರತಿಗಳಿರುತ್ತವೆ. ಆದರೆ ಆ ಸುಲಭವೇ ತೊಂದರೆ. ಒಂದು ಕೋಶದ ಎಲ್ಲ ಪ್ರತಿಗಳೂ ಒಂದೇ ಥರ ಇರಬೇಕೆಂದಿಲ್ಲ. ಕೆಲವು ಹಳೆಯ ರೂಪ, ಕೆಲವು ಹೊಸ ರೂಪ, ಎರಡೂ ಒಟ್ಟಿಗೆ ಇರಬಹುದು. ಒಂದು ಹವಳದ ಚೂರಿನಲ್ಲಿ ಎರಡು ಬಗೆಯ ಐಟಿಎಸ್2 ಸಿಕ್ಕಿತು ಎಂದುಕೊಳ್ಳಿ. ಅಲ್ಲಿ ಎರಡು ಜಾತಿಯ ಪಾಚಿ ಇದೆಯೋ, ಒಂದೇ ಪಾಚಿಯ ಎರಡು ಪ್ರತಿಗಳೋ? ಐಟಿಎಸ್2 ಒಂದನ್ನೇ ನೋಡಿ ಹೇಳುವುದು ಕಷ್ಟ. ಇನ್ನೊಂದು ಕಡೆ, ನಿಜವಾಗಿ ಬೇರೆಯಾದ ಎರಡು ಜಾತಿಗಳು ಹಳೆಯ ಒಂದು ರೂಪವನ್ನು ಇನ್ನೂ ಹಂಚಿಕೊಂಡಿದ್ದರೆ, ಎರಡಕ್ಕೂ ಸಿ3 ಎಂಬ ಒಂದೇ ಚೀಟಿ ಅಂಟಿಕೊಳ್ಳುತ್ತದೆ. ಕೊಲ್ಲಿಯ ಪಾಚಿಗೆ ಆಗಿದ್ದು ಇದೇ.

ಗುಂಪು ಇನ್ನೊಂದು ಗುರುತನ್ನು ತೆಗೆದುಕೊಂಡಿತು. ಡೈನೋಫ್ಲಾಜೆಲೇಟ್‌ಗಳಲ್ಲಿ ಬಿಸಿಲಿನಿಂದ ಸಕ್ಕರೆ ಮಾಡುವ ಕೋಶಭಾಗದ (ಕ್ಲೋರೋಪ್ಲಾಸ್ಟ್‌ನ) ಡಿಎನ್‌ಎ ವಿಚಿತ್ರ. ಗಿಡಗಳಲ್ಲಿರುವಂತೆ ಒಂದು ದೊಡ್ಡ ಸುತ್ತಾಗಿ ಇರದೆ, ಪುಟ್ಟ ಪುಟ್ಟ ಉಂಗುರಗಳಾಗಿ ಚೂರಾಗಿದೆ. ಹೆಚ್ಚಾಗಿ ಒಂದು ಉಂಗುರಕ್ಕೆ ಒಂದು ಜೀನ್. ಅದರಲ್ಲಿ ಪಿಎಸ್‌ಬಿಎ ಎಂಬ ಜೀನ್ ಇರುವ ಉಂಗುರದಲ್ಲಿ, ಜೀನ್‌ನ ಪಕ್ಕ, ಯಾವ ಪ್ರೋಟೀನ್‌ಗೂ ಸಂಬಂಧಿಸದ ಒಂದು ಭಾಗವಿದೆ. ಅಲ್ಲಿ ಬದಲಾವಣೆ ಆದರೂ ಪಾಚಿಗೆ ನಷ್ಟವಿಲ್ಲ. ಹಾಗಾಗಿ ಬದಲಾವಣೆಗಳು ಬೇಗ ಬೇಗ ಸೇರುತ್ತವೆ. ಹತ್ತಿರದ ಸಂಬಂಧಿಗಳನ್ನು ಬಿಡಿಸಲು ಇದು ಐಟಿಎಸ್2ಗಿಂತ ಹರಿತವಾದ ಸಾಧನ. ಪಿಎಸ್‌ಬಿಎ ಜೀನ್ ತಯಾರಿಸುವುದು ಡಿ1 ಎಂಬ ಪ್ರೋಟೀನ್. ಬಿಸಿ ಮತ್ತು ಬೆಳಕು ಹೆಚ್ಚಾದಾಗ ಮೊದಲು ಹಾಳಾಗುವುದೂ ಅದೇ. ಇದು ಕಾಕತಾಳೀಯ ಅಷ್ಟೇ. ಗುರುತಾಗಿ ಬಳಸಿದ್ದು ಆ ಪ್ರೋಟೀನ್ ಅನ್ನಲ್ಲ, ಪಕ್ಕದ ಖಾಲಿ ಜಾಗವನ್ನು.

ಹೊಸ ಗುರುತಿನಲ್ಲಿ ನೋಡಿದಾಗ ಅಬುಧಾಬಿಯ ಸಿ3 ಬೇರೆ ಕಡೆಯ ಸಿ3ಯಿಂದ ಸ್ಪಷ್ಟವಾಗಿ ಬೇರೆ ಎಂದು ಗೊತ್ತಾಯಿತು. 2015ರಲ್ಲಿ ಇದಕ್ಕೆ ಸಿಂಬಯೋಡಿನಿಯಂ ಥರ್ಮೋಫಿಲಂ ಎಂದು ಹೆಸರಿಟ್ಟರು. 2018ರ ನಂತರದ ಬರಹಗಳಲ್ಲಿ ಇದು ಕ್ಲೇಡೋಕೋಪಿಯಂ ಥರ್ಮೋಫಿಲಂ. ವರ್ಷದ ಬೇರೆ ಬೇರೆ ತಿಂಗಳಲ್ಲಿ ಮಾದರಿ ತೆಗೆದಾಗಲೂ, ತೀರಾ ಬಿಸಿಯ ದಿನಗಳಲ್ಲೂ, ಇದೇ ಪಾಚಿ ಮೇಲುಗೈ ಇಟ್ಟುಕೊಂಡಿತ್ತು. ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು ಎಂದು ಹವಳ ಪಾಚಿ ಬದಲಾಯಿಸುತ್ತಿರಲಿಲ್ಲ.

ಎರಡು ಊಹೆ

ಇಲ್ಲಿಗೆ ಪ್ರಶ್ನೆ ಹರಿತವಾಯಿತು. ಕೊಲ್ಲಿ ತುಂಬಿದ ಮೇಲೆ, ಅಲ್ಲಿನ ಉರಿಯ ಒತ್ತಡದಿಂದ, ಸಾಮಾನ್ಯ ಸಿ3ಯಿಂದ ಈ ಪಾಚಿ ಹೊಸದಾಗಿ ಕವಲೊಡೆಯಿತೇ? ಅಥವಾ ಬೇರೆಲ್ಲೋ ಮೊದಲೇ ಇದ್ದದ್ದು ಕೊಲ್ಲಿಗೆ ಬಂದು ಗೆದ್ದಿತೇ? ಮೊದಲನೆಯದು ನಿಜವಾದರೆ ಸಮಾಧಾನ: ವಿಕಾಸ ಬೇಗ ಓಡಬಲ್ಲದು, ಹವಳಗಳು ತಾವೇ ದಾರಿ ಹುಡುಕಿಕೊಳ್ಳಬಹುದು. ಎರಡನೆಯದು ನಿಜವಾದರೆ ಲೆಕ್ಕವೇ ಬೇರೆ.

ಉತ್ತರಕ್ಕಾಗಿ ಪರ್ಷಿಯನ್ ಕೊಲ್ಲಿ, ಒಮಾನ್ ಕೊಲ್ಲಿ, ಕೆಂಪು ಸಮುದ್ರ, ಒಟ್ಟು 5,000 ಕಿಲೋಮೀಟರಿಗೂ ಹೆಚ್ಚು ಉದ್ದದ ಕರಾವಳಿಯಿಂದ ಹವಳದ ಚೂರುಗಳನ್ನು ತಂದು ಪಾಚಿಗಳ ವಂಶವೃಕ್ಷ ಕಟ್ಟಿದರು. 2016ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಕಂಡದ್ದು ಇಷ್ಟು: ಥರ್ಮೋಫಿಲಂ ಒಂಟಿಯಲ್ಲ. ಅದು ಒಂದು ದೊಡ್ಡ, ಒಳಗೇ ಬಹಳ ವೈವಿಧ್ಯವಿರುವ ಗುಂಪಿನ ಸದಸ್ಯ. ಆ ಗುಂಪಿನ ಬೇರೆ ಸದಸ್ಯರು ಕೊಲ್ಲಿಯ ಹೊರಗೂ ಇದ್ದಾರೆ. ಆದರೆ ವಿರಳವಾಗಿ, ಕಣ್ಣಿಗೆ ಬೀಳದ ಹಾಗೆ.

ಇದರಿಂದ ತೀರ್ಮಾನಕ್ಕೆ ಹೋಗುವ ದಾರಿ ಸರಳ. ಗುಂಪಿನೊಳಗಿನ ವ್ಯತ್ಯಾಸಗಳು 6,000 ವರ್ಷದಲ್ಲಿ ಸೇರುವಷ್ಟು ಅಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾದರೆ ಕವಲುಗಳು ಒಡೆದದ್ದು ಕೊಲ್ಲಿ ಹುಟ್ಟುವ ಮೊದಲೇ. ಮೂಲೆಯಲ್ಲಿ ಅಲ್ಪಸಂಖ್ಯೆಯಲ್ಲಿ ಇದ್ದವು ಹೊಸ ಕೊಲ್ಲಿಯಲ್ಲಿ ಮುಂದೆ ಬಂದವು. ಕುಮಟಾ ಬಳಿ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ, ಉಪ್ಪು ನೀರಿಗೂ ಜಗ್ಗದ ತಳಿ. ನಾಳೆ ಕರಾವಳಿಯ ಗದ್ದೆಗಳಿಗೆಲ್ಲ ಉಪ್ಪು ನೀರು ನುಗ್ಗಿ, ಎಲ್ಲ ಕಡೆ ಕಗ್ಗವೇ ಉಳಿದರೆ, ಉಪ್ಪು ನೀರೇ ಆ ತಳಿಯನ್ನು ಹುಟ್ಟಿಸಿತು ಎಂದು ಯಾರೂ ಹೇಳುವುದಿಲ್ಲ. ಅದು ಕೆಲವರ ಮನೆಯ ಬೀಜವಾಗಿ ಮೊದಲೇ ಇತ್ತು.

ಇಷ್ಟು ದಿನ ಯಾಕೆ ಯಾರಿಗೂ ಕಾಣಲಿಲ್ಲ? ಹಳೆಯ ಜೆಲ್ ವಿಧಾನಗಳಲ್ಲಿ ಒಂದು ಹವಳದೊಳಗೆ ಕೆಲವೇ ಶೇಕಡಾ ಇರುವ ಪಾಚಿ ಗೆರೆಯಾಗಿ ಮೂಡುವುದೇ ಇಲ್ಲ. ಹೆಚ್ಚಾಗಿ ಇರುವುದಷ್ಟೇ ಕಾಣುತ್ತದೆ. ಜೊತೆಗೆ ಸಿ3 ಎಂಬ ಚೀಟಿ ಬಿದ್ದ ಮೇಲೆ ಇನ್ನೊಮ್ಮೆ ನೋಡುವ ಗೋಜಿಗೆ ಯಾರು ಹೋಗುತ್ತಾರೆ?

ಬಳಗ ಹಳೆಯದು, ಗುಣವೂ ಹಳೆಯದೇ?

ಈಗ ನನ್ನ ತಕರಾರು. ಲೇಖಕರ ವಾದ ಎರಡು ಭಾಗದ್ದು. ಒಂದು, ಈ ಬಳಗ ಕೊಲ್ಲಿಗಿಂತ ಹಳೆಯದು. ಎರಡು, ಅದು ಬಿಸಿಗೆ ಮೊದಲೇ ತಯಾರಾಗಿತ್ತು, ಕೊಲ್ಲಿ ಅದನ್ನು ಆರಿಸಿಕೊಂಡಿತು ಅಷ್ಟೇ. ಮೊದಲನೆಯದಕ್ಕೆ ವಂಶವೃಕ್ಷವೇ ಸಾಕ್ಷಿ. ಎರಡನೆಯದಕ್ಕೆ ವಂಶವೃಕ್ಷ ಸಾಕಾಗುವುದಿಲ್ಲ. ಡಿಎನ್‌ಎಯ ಒಂದು ಖಾಲಿ ತುಂಡು ಯಾರು ಯಾರ ಸಂಬಂಧಿ ಎಂದು ಹೇಳುತ್ತದೆ. ಯಾರು ಎಷ್ಟು ಬಿಸಿ ತಡೆಯುತ್ತಾರೆ ಎಂದು ಹೇಳುವುದಿಲ್ಲ. ಬಳಗ ಹಳೆಯದಾಗಿದ್ದು, ಬಿಸಿ ತಡೆಯುವ ಗುಣದ ಒಂದು ಪಾಲು ಮಾತ್ರ ಕೊಲ್ಲಿಯಲ್ಲೇ ಬೆಳೆದಿರಬಹುದು. ಎರಡೂ ಒಟ್ಟಿಗೆ ನಿಜವಾಗಬಹುದು.

ಇದು ಸುಮ್ನೆ ಎತ್ತಿದ ತಕರಾರಲ್ಲ. ಅದೇ ಗುಂಪಿನ 2015ರ ಇನ್ನೊಂದು ಕೆಲಸವೇ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಡಿ'ಆಂಜೆಲೊ ಮತ್ತು ಸಂಗಡಿಗರು ಕೊಲ್ಲಿಯ ಹವಳಗಳನ್ನು ಬಿಸಿಗೆ ಒಡ್ಡುವಾಗ ನೀರಿನ ಉಪ್ಪನ್ನೂ ಬದಲಿಸಿ ನೋಡಿದರು. ತೆರೆದ ಸಮುದ್ರದಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪು ಇರುತ್ತದೆ. ಕೊಲ್ಲಿಯಲ್ಲಿ ನೀರು ಆವಿಯಾಗುವುದು ಜಾಸ್ತಿ, ಮಳೆ ಮತ್ತು ನದಿಯಿಂದ ಬರುವುದು ಕಡಿಮೆ, ಹೊರ್ಮುಜ್ ಬಾಗಿಲು ಇಕ್ಕಟ್ಟು. ಹಾಗಾಗಿ ಅಲ್ಲಿ ಉಪ್ಪು 40 ದಾಟುತ್ತದೆ. ಕೊಲ್ಲಿಯ ಹವಳಗಳು ತಮ್ಮ ಉಪ್ಪಿನಲ್ಲಿ ಬಿಸಿ ತಡೆದವು. ಉಪ್ಪನ್ನು ಸಾಮಾನ್ಯ ಸಮುದ್ರದ ಮಟ್ಟಕ್ಕೆ ಇಳಿಸಿದಾಗ ಆ ಮೇಲುಗೈ ಹೋಯಿತು. ಕೊಲ್ಲಿಯಿಂದ ಹೊರಗೆ ಹೋದಂತೆ ಈ ಪಾಚಿ ಥಟ್ಟನೆ ಕಡಿಮೆಯಾಗುವುದೂ ಇದಕ್ಕೆ ಹೊಂದುತ್ತದೆ. ಇದನ್ನು ಅವರು ಸ್ಥಳೀಯ ಹೊಂದಾಣಿಕೆ ಎಂದೇ ಕರೆದರು. ಅಂದರೆ ಕೊಲ್ಲಿ ಈ ಪಾಚಿಯನ್ನು ಬರೀ ಆರಿಸಲಿಲ್ಲ, ತನ್ನ ಉಪ್ಪಿಗೆ ತಿದ್ದಿಯೂ ಇರಬಹುದು.

ಈ ಫಲಿತಾಂಶ ಬಂದ ಮೇಲೆ, ಕೊಲ್ಲಿಯ ಪಾಚಿಯನ್ನು ತಂದು ಬೇರೆ ಕಡೆಯ ಹವಳಗಳಿಗೆ ಕೊಟ್ಟರಾಯಿತು ಎಂಬ ಮಾತು ನನಗೆ ಹಗುರವಾಗಿ ಕೇಳಿಸುತ್ತದೆ. ನಮ್ಮ ಹತ್ತಿರದ ಲಕ್ಷದ್ವೀಪವನ್ನೇ ತೆಗೆದುಕೊಳ್ಳಿ. ಅದು ತೆರೆದ ಅರಬ್ಬೀ ಸಮುದ್ರದ ನಡುವೆ ಇದೆ, ಕೊಲ್ಲಿಯ ಉಪ್ಪು ಅಲ್ಲಿಲ್ಲ. ಕೊಲ್ಲಿಯಲ್ಲಿ ಹುಲಿಯಾದದ್ದು ಅಲ್ಲೂ ಹುಲಿಯಾಗಿರುತ್ತದೆ ಎನ್ನಲು ಆಧಾರವಿಲ್ಲ.

ಪಾಚಿಯ ಗುಣ ಬೇಗ ಬದಲಾಗಬಲ್ಲದು ಎನ್ನಲು ಲ್ಯಾಬ್‌ನಿಂದಲೂ ಸಾಕ್ಷಿ ಇದೆ. ಆಸ್ಟ್ರೇಲಿಯಾದಲ್ಲಿ ಪ್ಯಾಟ್ರಿಕ್ ಬ್ಯುರ್ಗರ್, ಮ್ಯಾಡೆಲೀನ್ ವ್ಯಾನ್ ಓಪನ್ ಮತ್ತಿತರರು ಒಂದು ಕ್ಲೇಡೋಕೋಪಿಯಂ ಪಾಚಿಯನ್ನು 31 ಡಿಗ್ರಿಯಲ್ಲಿ ನಾಲ್ಕು ವರ್ಷ ಬೆಳೆಸಿದರು. ಅದು ಸುಮಾರು 120 ತಲೆಮಾರು. 2020ರಲ್ಲಿ ಫಲಿತಾಂಶ ಬರೆದರು. ಹೀಗೆ ಬೆಳೆದ 10 ಬಗೆಗಳೂ ಲ್ಯಾಬ್‌ನ ಬಾಟಲಿಯಲ್ಲಿ ಬಿಸಿ ಚೆನ್ನಾಗಿ ತಡೆದವು. ಆದರೆ ಹವಳದ ಮರಿಗಳ ಒಳಗೆ ಸೇರಿಸಿದಾಗ ಮರಿಗಳಿಗೆ ಲಾಭ ಕೊಟ್ಟದ್ದು 3 ಮಾತ್ರ. ನಾಲ್ಕು ವರ್ಷದಲ್ಲಿ ಇಷ್ಟಾದರೆ, ಸಾವಿರಾರು ವರ್ಷದಲ್ಲಿ ಗಲ್ಫ್‌ನಲ್ಲಿ ಏನೂ ಆಗಲಿಲ್ಲ ಎಂದು ನಂಬುವುದು ಕಷ್ಟ. ಬಾಟಲಿಯ ಫಲಿತಾಂಶ ಹವಳದೊಳಗೆ ಹಾಗೇ ಬರುವುದಿಲ್ಲ ಎಂಬ ಎಚ್ಚರಿಕೆಯೂ ಇದರಲ್ಲೇ ಇದೆ.

ಮನೆಯ ಯಜಮಾನನ ಪಾಲು

ಪಾಚಿಯ ಕಥೆ ಹೇಳುವಾಗ ಹವಳವನ್ನು ಮರೆಯುವ ಚಾಳಿ ಇದೆ. ಎಮಿಲಿ ಹೋವೆಲ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ಲಾಟಿಗೈರಾ ಡೆಡಾಲಿಯಾ ಎಂಬ ಹವಳವನ್ನು ಎರಡು ಕಡೆ ಹೋಲಿಸಿದರು: ಪರ್ಷಿಯನ್ ಕೊಲ್ಲಿ ಮತ್ತು ಅದರ ಪಕ್ಕದ, ಅಷ್ಟು ಬಿಸಿಯಿಲ್ಲದ ಒಮಾನ್ ಕೊಲ್ಲಿ. ಈ ಹವಳದ ಮರಿಗಳು ಹುಟ್ಟುವಾಗ ಪಾಚಿ ಇರುವುದಿಲ್ಲ, ಆಮೇಲೆ ನೀರಿನಿಂದ ಪಡೆಯುತ್ತವೆ. ಕೊಲ್ಲಿಯ ಮರಿಗಳು ಪಾಚಿ ಇಲ್ಲದಾಗಲೇ ಜಾಸ್ತಿ ಬಿಸಿ ತಡೆದವು. ಅಂದರೆ ಪ್ರಾಣಿಯೂ ತನ್ನ ಪಾಲಿನ ಹೊಂದಾಣಿಕೆ ಮಾಡಿಕೊಂಡಿದೆ. 2022ರಲ್ಲಿ ಎಡ್ವರ್ಡ್ ಸ್ಮಿತ್ ಮತ್ತು ಸಂಗಡಿಗರು ಇದೇ ಹವಳದ ಜೀನೋಮ್‌ನಲ್ಲಿ, ಅಂದರೆ ಅದರ ಇಡೀ ಡಿಎನ್‌ಎಯಲ್ಲಿ, ನೈಸರ್ಗಿಕ ಆಯ್ಕೆಯ ಗುರುತುಗಳನ್ನು ತೋರಿಸಿದರು.

ಇಲ್ಲಿ ಇನ್ನೊಂದು ತಮಾಷೆ ಇದೆ. ಡಿ ಪಾಚಿ ಜಾಸ್ತಿ ಇದ್ದದ್ದು ತಂಪಾದ ಒಮಾನ್ ಕಡೆ. ಬಿಸಿಯ ಕೊಲ್ಲಿಯಲ್ಲಿ ಇದ್ದದ್ದು ಸಿ3. ಪುಸ್ತಕದ ಲೆಕ್ಕಕ್ಕೆ ಪೂರ್ತಿ ಉಲ್ಟಾ.

2020ರಲ್ಲಿ ಹೋವೆಲ್ಸ್ ಗುಂಪು ಇನ್ನಷ್ಟು ಸೂಕ್ಷ್ಮವಾಗಿ ನೋಡಿತು. ಒಂದೂವರೆ ವರ್ಷ ಕೊಲ್ಲಿಯ ಹವಳಗಳನ್ನು ಹಿಂಬಾಲಿಸಿದರು. ಬಿಸಿ ಏರಿ ಹವಳ ಬಿಳಿಚಿಕೊಂಡಾಗಲೂ ಅದರ ಜೊತೆಗಿನ ಪಾಚಿ ಬದಲಾಗಲಿಲ್ಲ. ಬೇರೆ ಬೇರೆ ಜಾತಿಯ ಹವಳಗಳಲ್ಲಿ ಪಾಚಿಯ ಬೇರೆ ಬೇರೆ ರೂಪಗಳಿದ್ದವು. ಕೊಲ್ಲಿಯೊಳಗೇ ಹತ್ತಾರು, ನೂರಾರು ಕಿಲೋಮೀಟರ್ ಅಂತರದಲ್ಲಿ ಪಾಚಿಗಳು ಬೇರೆಯಾಗಿದ್ದವು. ಬಿಳಿಚಿಕೊಳ್ಳದ ಹವಳಗಳಲ್ಲಿ ಮತ್ತು ಹೆಚ್ಚು ಬಿಸಿಯ ಜಾಗಗಳಲ್ಲಿ, ಥರ್ಮೋಫಿಲಂ ಗುಂಪನ್ನು ಗುರುತಿಸುವ ಒಂದು ಐಟಿಎಸ್2 ರೂಪ ಹೆಚ್ಚಾಗಿ ಸಿಕ್ಕಿತು. ಹಿಂದೆ ಗೊಂದಲ ಮಾಡಿದ ಅದೇ ಒಂದೇ ಕೋಶದ ಪ್ರತಿಗಳು ಈಗ ಸುಳಿವಾದವು. ಕೊಲ್ಲಿಯಲ್ಲಿ ಒಂದೇ ಏಕರೂಪದ ಪಾಚಿ ಇಲ್ಲ ಎಂಬುದು ಇದರಿಂದ ನನಗೆ ಕಾಣುವ ಅರ್ಥ. ಒಂದು ಗುಂಪೊಳಗೇ ಕೆಲವು ಬಗೆಗಳು ಇತರರಿಗಿಂತ ಗಟ್ಟಿ ಇರಬಹುದು.

ಇಡೀ ಜೀನೋಮ್ ಯಾಕೆ ಬೇಕು

ಒಂದೆರಡು ಗುರುತುಗಳಿಂದ ಬಳಗ ಗೊತ್ತಾಯಿತು. ಗುಣ ಗೊತ್ತಾಗಬೇಕಾದರೆ ಇಡೀ ಜೀನೋಮ್ ಬೇಕು. ಅದು ಅಷ್ಟು ಸುಲಭವಲ್ಲ. ಈ ಕುಟುಂಬದ ಮೊದಲ ಜೀನೋಮ್ ಕರಡು 2013ರಲ್ಲಿ ಜಪಾನಿನ ಓಕಿನಾವಾದಿಂದ ಬಂತು. ಈಗ ಬ್ರೆವಿಯೋಲಂ ಮಿನುಟಂ ಎಂದು ಕರೆಯುವ ಆ ಪಾಚಿಯ ಜೀನೋಮ್ ಸುಮಾರು 150 ಕೋಟಿ ಡಿಎನ್‌ಎ ಅಕ್ಷರ. ಆಗ ಜೋಡಿಸಲಾದದ್ದು ಸುಮಾರು 61 ಕೋಟಿ ಮಾತ್ರ. ಜೀನ್‌ಗಳು ಸುಮಾರು 42,000. ಮನುಷ್ಯನಿಗೆ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಬರಿಗಣ್ಣಿಗೆ ಕಾಣದ ಒಂದು ಗುಂಡಿಗೆ ಅದರ ಎರಡು ಪಟ್ಟು.

ಡೈನೋಫ್ಲಾಜೆಲೇಟ್‌ಗಳ ಕ್ರೋಮೋಸೋಮ್‌ಗಳೂ ಬೇರೆ ಜೀವಿಗಳಂತಲ್ಲ. ನಮ್ಮಲ್ಲಿ ಕೋಶ ಒಡೆಯುವಾಗ ಮಾತ್ರ ಅವು ಬಿಗಿಯಾಗುತ್ತವೆ, ಇವುಗಳಲ್ಲಿ ಯಾವಾಗಲೂ ಬಿಗಿ. ಜೀನ್‌ಗಳು ಉದ್ದ ಸಾಲಿನಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವೆ. 2018ರಲ್ಲಿ ಪ್ರಕಟವಾದ ಕ್ಲೇಡೋಕೋಪಿಯಂ ಗೋರೋಯಿ ಜೀನೋಮ್‌ನಲ್ಲಿ ಸುಮಾರು 36,000 ಜೀನ್‌ಗಳು ಸಿಕ್ಕವು. ಅದರಲ್ಲಿ ಲೈಂಗಿಕ ಸಂತಾನೋತ್ಪತ್ತಿಗೆ ಬೇಕಾದ ಕೋಶ ವಿಭಜನೆಯ ಜೀನ್‌ಗಳಿದ್ದವು. ಇದು ನಮ್ಮ ಪ್ರಕರಣಕ್ಕೆ ನೇರ ಸಂಬಂಧಪಟ್ಟದ್ದು. ಈ ಪಾಚಿಗಳು ಹೆಚ್ಚಾಗಿ ಎರಡಾಗಿ ಒಡೆದು ಬೆಳೆಯುತ್ತವೆ. ನಡುವೆ ಆಗಾಗ ಜೀನ್‌ಗಳನ್ನು ಬೆರೆಸಿಕೊಳ್ಳುವುದಾದರೆ, ಹಳೆಯ ಬಳಗದ ಒಂದು ಬಗೆಯ ಬಿಸಿ ತಡೆಯುವ ಗುಣ, ಇನ್ನೊಂದರ ಉಪ್ಪು ತಡೆಯುವ ಗುಣ, ಎರಡೂ ಒಂದೇ ಕೋಶಕ್ಕೆ ಬರಬಹುದು. ಆಗ 6,000 ವರ್ಷ ಕಡಿಮೆ ಸಮಯವೇ ಅಲ್ಲ.

ಆದರೆ ಕೆಲಸ ಕಷ್ಟದ್ದು. ಕ್ಲೇಡೋಕೋಪಿಯಂನ ಎಷ್ಟೋ ಬಗೆಗಳು ಲ್ಯಾಬ್‌ನಲ್ಲಿ ಬೆಳೆಯಲು ಒಪ್ಪುವುದಿಲ್ಲ. ಹವಳದಿಂದ ನೇರ ತೆಗೆದರೆ ಪಾಚಿಯ ಡಿಎನ್‌ಎ ಜೊತೆಗೆ ಹವಳದ್ದು, ಬ್ಯಾಕ್ಟೀರಿಯಾದ್ದು ಎಲ್ಲ ಕಲಸಿ ಬರುತ್ತದೆ. ಮೇಲಾಗಿ ಒಂದೇ ಹವಳದಲ್ಲಿ ಎರಡು ಮೂರು ಪಾಚಿಗಳಿದ್ದರೆ ಯಾವ ತುಂಡು ಯಾರದು ಎಂದು ಬೇರ್ಪಡಿಸುವುದೇ ಒಂದು ದೊಡ್ಡ ಕೆಲಸ.

2017

ಈ ಎಲ್ಲದರ ನಡುವೆ ಕೊಲ್ಲಿಯೇ ಒಂದು ಕ್ರೂರ ಪರೀಕ್ಷೆ ಮಾಡಿತು. 2017ರ ಬೇಸಿಗೆಯಲ್ಲಿ ದಕ್ಷಿಣ ಕೊಲ್ಲಿಯ ಮೇಲೆ ಗಾಳಿ ಸಾಕಷ್ಟು ಬೀಸಲಿಲ್ಲ. ಅಲ್ಲಿ ಗಾಳಿ ಬೀಸಿದರೆ ನೀರು ಆವಿಯಾಗಿ ಸಮುದ್ರ ಸ್ವಲ್ಪ ತಣಿಯುತ್ತದೆ. ಗಾಳಿ ನಿಂತಾಗ ಬಿಸಿ ಹಾಗೇ ಕೂತಿತು. ಹವಳದ ಬುಡದಲ್ಲೇ ತಾಪ 37 ಡಿಗ್ರಿ ದಾಟಿತು. ಜಾನ್ ಬರ್ಟ್ ಮತ್ತು ಸಂಗಡಿಗರ ವರದಿಯ ಪ್ರಕಾರ 94 ಶೇಕಡಾ ಹವಳಗಳು ಬಿಳಿಚಿಕೊಂಡವು. ಮೂರರಲ್ಲಿ ಎರಡು ಪಾಲು ಅದೇ ವರ್ಷ ಸತ್ತವು. 2018ರ ಏಪ್ರಿಲ್ ಹೊತ್ತಿಗೆ ತಳದಲ್ಲಿ ಜೀವಂತ ಹವಳ ಉಳಿದದ್ದು ಸರಾಸರಿ 7.5 ಶೇಕಡಾ. ಕೊಲ್ಲಿಯಲ್ಲಿ 1996 ಮತ್ತು 1998ರಲ್ಲೂ ದೊಡ್ಡ ಸಾವುಗಳಾಗಿದ್ದವು.

ಜಗತ್ತಿನ ಅತಿ ಗಟ್ಟಿ ಹವಳ, ಅತಿ ಗಟ್ಟಿ ಪಾಚಿ ಎಂದು ಹೊಗಳಿಸಿಕೊಂಡವಕ್ಕೂ ಒಂದು ಮಿತಿ ಇದೆ. ಆ ಮಿತಿ ತಮ್ಮ ಊರಿನ ಸಾಮಾನ್ಯ ಬೇಸಿಗೆಗಿಂತ ಹೆಚ್ಚು ದೂರದಲ್ಲಿಲ್ಲ. ಬೇರೆ ಕಡೆಯ ಹವಳಗಳದ್ದೂ ಇದೇ ಪಾಡು: ತಮ್ಮ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಮೇಲೆ ಕೆಲ ವಾರ ಇದ್ದರೆ ಕಷ್ಟಕ್ಕೆ ಬೀಳುತ್ತವೆ. ಕೊಲ್ಲಿಯವು ಅಳತೆಪಟ್ಟಿಯ ಮೇಲಿನ ತುದಿಯಲ್ಲಿ ಇವೆ ಅಷ್ಟೇ.

2016ರ ಲೇಖಕರು ತಮ್ಮ ಫಲಿತಾಂಶದಿಂದ ತೆಗೆದ ಪಾಠ, ಇರುವ ವೈವಿಧ್ಯವನ್ನು ಆದಷ್ಟು ಉಳಿಸಿಕೊಳ್ಳಬೇಕು ಎಂಬುದು. ಮುಂದೆ ಯಾವುದು ಕೆಲಸಕ್ಕೆ ಬರುತ್ತದೆ ಎಂದು ಈಗ ಹೇಳಲಾಗದು. ಬಳಗ ಹಳೆಯದು ಎಂಬ ಅರ್ಧದಿಂದಲೇ ಈ ಮಾತು ಸಿದ್ಧವಾಗುತ್ತದೆ. ಗುಣ ಎಲ್ಲಿ ಹುಟ್ಟಿತು ಎಂಬ ಅರ್ಧಕ್ಕೆ ಅದು ಕಾಯಬೇಕಿಲ್ಲ. ಹವಳದ ದಿಬ್ಬವೊಂದರಲ್ಲಿ ಹೂಳೆತ್ತಿ ಬಂದರು ಕಟ್ಟುವಾಗ ಅಲ್ಲಿ ಸಾಮಾನ್ಯ ಸಿ3 ಮಾತ್ರ ಇದೆ ಎಂದು ವರದಿ ಬರೆದು ಕೈತೊಳೆದುಕೊಳ್ಳುವುದು ಇನ್ನು ಒಪ್ಪುವ ಮಾತಲ್ಲ.

ಉಳಿದ ಅರ್ಧಕ್ಕೆ ಬೇಕಾದ ಪರೀಕ್ಷೆಯನ್ನು ಊಹಿಸುವುದು ಕಷ್ಟವಲ್ಲ, ಮಾಡುವುದು ಕಷ್ಟ. ಕೊಲ್ಲಿಯ ಒಳಗಿನ ಥರ್ಮೋಫಿಲಂ ಮತ್ತು ಕೆಂಪು ಸಮುದ್ರ ಅಥವಾ ಒಮಾನ್ ಕಡೆಯ ಅದರ ವಿರಳ ಸಂಬಂಧಿ, ಎರಡನ್ನೂ ಬೇರೆ ಬೇರೆ ಬೆಳೆಸಬೇಕು. ಎರಡನ್ನೂ ಒಂದೇ ಬಿಸಿಗೆ, 35ರ ಉಪ್ಪಿಗೂ 42ರ ಉಪ್ಪಿಗೂ ಒಡ್ಡಬೇಕು. ಬಾಟಲಿಯಲ್ಲಿ ಒಮ್ಮೆ, ಹವಳದ ಮರಿಯೊಳಗೆ ಇನ್ನೊಮ್ಮೆ. ಎರಡರ ಇಡೀ ಜೀನೋಮ್ ಪಕ್ಕ ಪಕ್ಕ ಇಡಬೇಕು. ಹೊರಗಿನ ಸಂಬಂಧಿಯೂ ಕೊಲ್ಲಿಯದರಷ್ಟೇ ಬಿಸಿ ತಡೆದರೆ ಲೇಖಕರ ಮಾತು ಪೂರ್ತಿ ನಿಜ. ತಡೆಯದೆ ಹೋಗಿ, ಕೊಲ್ಲಿಯದರ ಜೀನೋಮ್‌ನಲ್ಲಿ ಮಾತ್ರ ಇತ್ತೀಚಿನ ಆಯ್ಕೆಯ ಗುರುತು ಸಿಕ್ಕರೆ, ಬಳಗ ಹೊರಗಿನಿಂದ ಬಂದಿದ್ದರೂ ಬಿಸಿ ತಡೆಯುವುದನ್ನು ಕಲಿತದ್ದು ಕೊಲ್ಲಿಯಲ್ಲೇ.